ಕೂಸು ಎತ್ತಲಾಗದ ಕೈ: ಆಪರೇಷನ್ ಇಲ್ಲದೆ ವಾಸಿಯಾದ ಬಗೆ

ಹೆರಿಗೆಯಾದ ಮೇಲೆ ಸೊಂಟ ನೋಯುತ್ತದೆ, ಬೆನ್ನು ಹಿಡಿಯುತ್ತದೆ ಅಂತ ಎಲ್ಲರೂ ಹೇಳಿದ್ದರು. ಹೆಬ್ಬೆರಳ ಬುಡ ನೋಯುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ನಮ್ಮ ಕಲಬುರಗಿಯಲ್ಲಿ ಎಷ್ಟೋ ಮನೆಗಳಲ್ಲಿ ಈ ನೋವು ಇದೆ. ಒಬ್ಬರು ವಾಯು ಅನ್ನುತ್ತಾರೆ, ಇನ್ನೊಬ್ಬರು ಉಳುಕು ಅನ್ನುತ್ತಾರೆ, ಮತ್ತೊಬ್ಬರು ಮೈಯಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ಕೂಸಿಗೆ ವರ್ಷ ತುಂಬುವ ತನಕ ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿದವರು ನನ್ನ ಓಣಿಯಲ್ಲೇ ಇದ್ದಾರೆ. ಅಷ್ಟು ಸಹಿಸುವ ಅಗತ್ಯ ಇಲ್ಲ. ಅದಕ್ಕೇ ನನಗಾದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಎರಡನೇ ಹೆರಿಗೆ. ಅವ್ವ ಬಂದು ಬಾಣಂತನ ಮಾಡಿ ಊರಿಗೆ ಹೋದ ಮೇಲೆ ಕೂಸಿಗೆ ಎರೆಯುವುದು ನನ್ನ ಪಾಲಿಗೆ ಬಂತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ಚೊಂಬು ಬಗ್ಗಿಸಬೇಕು. ಎಲ್ಲ ಮುಗಿದ ಮೇಲೆ ಎಣ್ಣೆ, ನೀರು ಸೇರಿ ಜಾರುವ ಕೂಸನ್ನು ಬಗಲಿಗೆ ಎರಡೂ ಹೆಬ್ಬೆರಳು ಕೊಟ್ಟು ಮೇಲಕ್ಕೆತ್ತಬೇಕು. ಹಾಗೆ ಎತ್ತುವಾಗಲೇ ಬಲಗೈಯಲ್ಲಿ ಮೊದಲ ಸಲ ಚಳಕ್ ಅಂದದ್ದು.

ಅದರ ಹಿಂದೆಯೇ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ಹಬ್ಬ ಅಂದರೆ ಗೊತ್ತಲ್ವಾ? ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದಲ್ಲಿ ಚೆಲ್ಲಬೇಕು. ಮನೆಮಂದಿ, ನೆಂಟರು, ಆಳುಗಳು ಎಲ್ಲರಿಗೂ ಆಗುವಷ್ಟು ರೊಟ್ಟಿ ಬೇಕು. ನಾನೂ ಎಲ್ಲರ ಜೊತೆ ಕೂತು ಬಡಿದೆ. ರೊಟ್ಟಿ ಬಡಿಯುವುದಕ್ಕಿಂತ ಹಿಟ್ಟು ನಾದುವುದೇ ಕೈಗೆ ಜಾಸ್ತಿ ಕಷ್ಟ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಎಸರು ಹಾಕಿ ಅಂಗೈ ಬುಡದಿಂದ ಒತ್ತಿ ಒತ್ತಿ ಮಿದಿಯಬೇಕು, ಇಲ್ಲದಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಹಬ್ಬದ ಮರುದಿನ ಬೆಳಿಗ್ಗೆ ಕೈ ಊದಿತ್ತು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಪಕ್ಕದ ಎಲುಬಿನ ಮೇಲೆ ಹಾದು ಮುಂಗೈ ತನಕ ನೋವು ಏರುತ್ತಿತ್ತು. ಬಾಟಲಿ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಅರಿವೆ ಹಿಂಡಲು ಆಗುತ್ತಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಕೈ ಸ್ವಲ್ಪ ವಾಲಿದರೂ ಎಚ್ಚರವಾಗುತ್ತಿತ್ತು.

"ವಾಯು ಹಿಡದಾದ ಯವ್ವಾ, ಉಪ್ಪಿನ ಕಾವು ಕೊಡ್ತೀನಿ ಬಾ" ಅಂದರು ಅತ್ತೆ. ಕಾವು ಕೊಟ್ಟಾಗ ಹಿತವಾಗುತ್ತಿತ್ತು, ಕೂಸು ಎತ್ತಿದ ತಕ್ಷಣ ಮತ್ತೆ ಅದೇ ನೋವು. ಪಕ್ಕದ ಮನೆಯವರು ಉಳುಕು ತೆಗೆಯುವವರ ಹತ್ತಿರ ಹೋಗು ಅಂದರು. ಮುಟ್ಟಿದರೇ ನೋಯುವ ಜಾಗವನ್ನು ಯಾರಾದರೂ ಎಳೆಯುವುದನ್ನು ನೆನೆಸಿಕೊಂಡೇ ನನಗೆ ಬೇಡ ಅನ್ನಿಸಿತು. ನಮ್ಮ ಮನೆಯವರು ರಜೆ ಹಾಕಿ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಕೈ ನೋಡುವ ಮೊದಲೇ ಕೇಳಿದ್ದು, "ಕೂಸು ಎಷ್ಟು ತಿಂಗಳಿಂದು ಅದರಿ?" ಬಾಣಂತಿಯರು ಹೆಬ್ಬೆರಳು ಹಿಡಿದುಕೊಂಡು ಬಂದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ ಅಂದರು. ಆಮೇಲೆ ಮಣಿಕಟ್ಟಿನ ಪಕ್ಕದ ಎದ್ದ ಎಲುಬಿನ ಮೇಲೆ ಒಂದೇ ಬೆರಳಿಟ್ಟು ಒತ್ತಿದರು. ನೋವು ಸರಿಯಾಗಿ ಅಲ್ಲೇ ಇತ್ತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮುಷ್ಟಿಯನ್ನು ನಿಧಾನಕ್ಕೆ ಕಿರುಬೆರಳ ಕಡೆ ಬಾಗಿಸಿದರು. ಅರ್ಧ ಬಾಗುವಷ್ಟರಲ್ಲಿ ನಾನು ಕೈ ಕಿತ್ತುಕೊಂಡೆ. ಪರೀಕ್ಷೆ ಅಲ್ಲಿಗೇ ಮುಗಿಯಿತು. ಹೆಬ್ಬೆರಳ ಬುಡದ ಕೀಲು ಸವೆದಿದ್ದರೂ, ಮಣಿಕಟ್ಟಿನ ಸಣ್ಣ ಎಲುಬು ಬಿರುಕು ಬಿಟ್ಟಿದ್ದರೂ ಇಂಥದ್ದೇ ಜಾಗದಲ್ಲಿ ನೋಯಬಹುದು ಅಂತ ಒಂದು ಎಕ್ಸ್‌ರೇ ತೆಗೆಸಿದರು. ಎಲುಬು ಚೆನ್ನಾಗಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ತೊಂದರೆ ಬರುವುದು ಹೆಚ್ಚು ಅಂತ ರಕ್ತದಲ್ಲಿ ಸಕ್ಕರೆಯನ್ನೂ ನೋಡಿಸಿದರು.

ಕಾಯಿಲೆಯ ಹೆಸರು ಡಿ ಕ್ವೆರ್ವೇನ್ ಟೆನೊಸೈನೋವೈಟಿಸ್. ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಹೆಬ್ಬೆರಳನ್ನು ಎತ್ತುವ, ಹೊರಗೆ ಚಾಚುವ ಎರಡು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು, ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ದಾರಿಯಲ್ಲಿ ಹಾದು ಹೋಗುತ್ತವೆ. ಡಾಕ್ಟರು ನನ್ನ ಅತ್ತೆಗೆ ತಿಳಿಯುವ ಹಾಗೆ ಹೇಳಿದರು: ಪರಕರದ ನೇಫಾದೊಳಗೆ ಲಾಡಿ ಸರಾಗವಾಗಿ ಓಡಾಡಬೇಕು. ನೇಫಾ ದಪ್ಪಗಾಗಿ ಬಿಗಿದರೆ ಲಾಡಿ ಎಳೆದಾಗಲೆಲ್ಲ ಸಿಕ್ಕಿಕೊಳ್ಳುತ್ತದೆ. ಇಲ್ಲೂ ಹಾಗೇ, ರಜ್ಜುಗಳ ಸುತ್ತಲಿನ ಹೊದಿಕೆ ದಪ್ಪಗಾಗಿದೆ. ಅತ್ತೆ ತಲೆಯಾಡಿಸಿದರು. ವಾಯುವಿನ ಮಾತು ಆವತ್ತಿಗೆ ನಿಂತಿತು.

ಟೆನೊಸೈನೋವೈಟಿಸ್ ಅಂದರೆ ರಜ್ಜು ಹೊದಿಕೆಯ ಉರಿಯೂತ. ಹೆಸರು ಹಾಗಿದ್ದರೂ ತುಂಬ ದಿನದಿಂದ ಇರುವ ನೋವಿನಲ್ಲಿ ಉರಿಯೂತಕ್ಕಿಂತ ಈ ದಪ್ಪಗಾಗುವುದೇ ಹೆಚ್ಚು ಇರುತ್ತದಂತೆ. ಬರೀ ನೋವಿನ ಮಾತ್ರೆ ನುಂಗಿ ಅದೇ ಕೆಲಸ ಮಾಡುತ್ತಾ ಹೋದರೆ ಯಾಕೆ ಕಡಿಮೆ ಆಗುವುದಿಲ್ಲ ಅಂತ ಆಗ ಅರ್ಥವಾಯಿತು. ಬಾಣಂತಿಯರಲ್ಲಿ ಹಾರ್ಮೋನುಗಳ ಏರುಪೇರು, ಮೈಯಲ್ಲಿ ನೀರು ನಿಲ್ಲುವುದು, ದಿನವಿಡೀ ಕೂಸು ಎತ್ತುವುದು ಎಲ್ಲ ಸೇರುತ್ತವೆ. ಎಷ್ಟೋ ಮಂದಿಗೆ ಹಾಲು ಬಿಡಿಸಿದ ಮೇಲೆ ತಾನಾಗೇ ಕಡಿಮೆಯಾಗುತ್ತದೆ. ಆದರೆ ಅಲ್ಲಿಯ ತನಕ ಕೂಸನ್ನು ಎತ್ತಬೇಕಲ್ಲ?

ಆಪರೇಷನ್ ಮಾತು ನಾನೇ ಕೇಳಿದೆ. ಅದು ಕೊನೆಗೆ ಅಂದರು. ಮೊದಲು ಹೆಬ್ಬೆರಳಿಗೆ ಆಸರೆ ಕೊಡುವ ಸ್ಪ್ಲಿಂಟ್, ಕೆಲಸದ ರೀತಿ ಬದಲಿಸುವುದು, ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಐಬುಪ್ರೊಫೆನ್ ಸ್ವಲ್ಪ ದಿನ, ಐಸ್. ಅದರಿಂದ ಆಗದಿದ್ದರೆ ಇಂಜೆಕ್ಷನ್. ಹೆಚ್ಚಿನವರು ಅಷ್ಟರಲ್ಲೇ ವಾಸಿಯಾಗುತ್ತಾರೆ. ತಿಂಗಳುಗಟ್ಟಲೆ ಇದೆಲ್ಲ ಮಾಡಿಯೂ ಕಡಿಮೆಯಾಗದವರಿಗೆ ಮಾತ್ರ ಆ ಜಾಗ ಮರಗಟ್ಟಿಸಿ, ಬಿಗಿದ ಹೊದಿಕೆಯನ್ನು ಬಿಡಿಸುವ ಸಣ್ಣ ಆಪರೇಷನ್.

ಸ್ಪ್ಲಿಂಟ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಬರೀ ಮಣಿಕಟ್ಟಿನ ಪಟ್ಟಿ. ಅದರಲ್ಲಿ ಹೆಬ್ಬೆರಳು ಪೂರ್ತಿ ಬಿಡುವಾಗಿರುತ್ತದೆ, ಈ ಕಾಯಿಲೆಗೆ ಉಪಯೋಗ ಇಲ್ಲ. ಬೇಕಾದದ್ದು ಥಂಬ್ ಸ್ಪೈಕಾ ಸ್ಪ್ಲಿಂಟ್. ಅದು ಮಣಿಕಟ್ಟನ್ನೂ ಹೆಬ್ಬೆರಳ ಬುಡವನ್ನೂ ಒಟ್ಟಿಗೆ ಹಿಡಿದಿಡುತ್ತದೆ, ಬೆರಳ ತುದಿಯ ಗೆಣ್ಣು ಮಾತ್ರ ಬಾಗುತ್ತದೆ. ಚೀಟಿ ತೋರಿಸಿ ಬದಲಿಸಿಕೊಂಡು ಬಂದೆವು. ಎಡಗೈ, ಬಲಗೈಗೆ ಬೇರೆ ಬೇರೆ ಬರುತ್ತವೆ, ಅಳತೆಯೂ ಇರುತ್ತದೆ. ಹಾಕಿ ನೋಡಿಯೇ ತನ್ನಿ. ಪಟ್ಟಿ ತೀರ ಬಿಗಿ ಮಾಡಿದರೆ ಹೆಬ್ಬೆರಳ ಹಿಂಭಾಗ ಜುಮ್ಮೆನ್ನುತ್ತದೆ, ಅಲ್ಲಿ ಚರ್ಮದ ಕೆಳಗೇ ಒಂದು ನರ ಹಾದು ಹೋಗುತ್ತದೆ.

ಮೊದಲ 4ರಿಂದ 6 ವಾರ ಹಗಲು ರಾತ್ರಿ ಹಾಕಿಕೊಳ್ಳಲು ಹೇಳಿದ್ದರು. ಸ್ನಾನಕ್ಕೆ, ಮತ್ತೆ ದಿನದಲ್ಲಿ ಕೆಲವು ಸಲ ಬೆರಳನ್ನು ಮೆಲ್ಲಗೆ ಆಡಿಸಲು ತೆಗೆಯಬಹುದು, ಇಲ್ಲದಿದ್ದರೆ ಕೀಲು ಜಡ್ಡುಗಟ್ಟುತ್ತದೆ. ಹೇಳುವುದು ಸುಲಭ. ಕೂಸಿನ ಅಂಗಿ ಸ್ಪ್ಲಿಂಟಿನ ವೆಲ್ಕ್ರೊಗೆ ಕಚ್ಚಿಕೊಳ್ಳುತ್ತಿತ್ತು. ಒಳಗಿನ ತಗಡಿನ ಪಟ್ಟಿಯ ತುದಿ ಕೂಸಿನ ಕೆನ್ನೆಗೆ ತಾಗುತ್ತಿತ್ತು. ಹಳೆಯ ಹತ್ತಿ ಸೀರೆ ಹರಿದು ಚೀಲದ ಹಾಗೆ ಹೊಲಿದು ಮೇಲೆ ಹಾಕಿಕೊಂಡೆ, ಆಮೇಲೆ ತೊಂದರೆ ಆಗಲಿಲ್ಲ. ಫೆಬ್ರವರಿ ಕಳೆದ ಮೇಲೆ ನಮ್ಮ ಊರಿನ ಬಿಸಿಲು ಗೊತ್ತೇ ಇದೆ. ಒಳಗೆಲ್ಲ ಬೆವರು, ಬೆವರುಸಾಲೆ, ವಾಸನೆ. ಎರಡು ಸ್ಪ್ಲಿಂಟ್ ಇಟ್ಟುಕೊಂಡು ಒಂದನ್ನು ತೊಳೆದು ಒಣಗಿಸಿ ಇನ್ನೊಂದನ್ನು ಹಾಕಿಕೊಳ್ಳುವುದು, ಒಳಗೆ ತೆಳು ಹತ್ತಿ ಬಟ್ಟೆ ಸುತ್ತಿಕೊಳ್ಳುವುದು, ಇವೆರಡರಿಂದಲೇ ಬೇಸಿಗೆ ಕಳೆದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಮಾತು. ಡಾಕ್ಟರು "ಕೈಗೆ ರೆಸ್ಟ್ ಕೊಡ್ರಿ" ಅಂತ ಚೀಟಿ ಬರೆಯುವುದು ರೋಗಿಗೆ. ಆದರೆ ಅದನ್ನು ಪಾಲಿಸಬೇಕಾದದ್ದು ಮನೆಮಂದಿ. ಎರಡು ಹೊತ್ತು ರೊಟ್ಟಿ ತಿನ್ನುವ ಮನೆಯಲ್ಲಿ ಸೊಸೆಯ ಕೈಗೆ ವಿಶ್ರಾಂತಿ ಅಂದರೆ ಯಾರೋ ಒಬ್ಬರು ಹಿಟ್ಟು ನಾದಬೇಕು, ಇನ್ಯಾರೋ ಭಾಂಡೆ ತಿಕ್ಕಬೇಕು. ಅದರ ಬಗ್ಗೆ ಮನೆಯಲ್ಲಿ ಕೂತು ಮಾತಾಡದೆ ಯಾವ ಸ್ಪ್ಲಿಂಟೂ ಕೆಲಸ ಮಾಡುವುದಿಲ್ಲ. ನಾವು ಮಾತಾಡಿದೆವು. ನಮ್ಮ ಮನೆಯವರು ಹಿಟ್ಟು ನಾದುವುದನ್ನು ಕಲಿತರು. ಅತ್ತೆ ಬೆಳಗಿನ ರೊಟ್ಟಿ ಬಡಿದರು. ರಾತ್ರಿಗೆ ಕೊಂಡು ತರೋಣ ಅಂದಾಗ ಅವರ ಮುಖ ಸಣ್ಣದಾಯಿತು. "ಮನ್ಯಾಗ ಜ್ವಾಳ ಇಟಗೊಂಡು ಹೊರಗಿನ ರೊಟ್ಟಿ ತಿನ್ನಬೇಕಾ?" ಅಂದರು. ಅವರದೂ ವಯಸ್ಸಾದ ಕೈ, ಎರಡು ಹೊತ್ತೂ ಅವರೇ ರೊಟ್ಟಿ ಬಡಿಯುವುದು ನನಗೆ ಇಷ್ಟವಿರಲಿಲ್ಲ. ಕೊನೆಗೆ ಓಣಿಯಲ್ಲೇ ರೊಟ್ಟಿ ಮಾಡಿ ಮಾರುವ ಅಕ್ಕನ ಹತ್ತಿರ ಖಡಕ್ ರೊಟ್ಟಿ ಕಟ್ಟು ತರಿಸಿದೆವು. ಅವು ಬಹಳ ದಿನ ಕೆಡುವುದಿಲ್ಲ, ರಾತ್ರಿಗೆ ಸಾಕಾಗುತ್ತಿತ್ತು. ಅತ್ತೆ ಮೊದಲ ದಿನ ಮುರಿದು ನೋಡಿ, ತೆಳ್ಳಗದಾವ ಅಂದರು.

ಕೂಸು ಎತ್ತುವ ರೀತಿಯನ್ನು ಫಿಸಿಯೋಥೆರಪಿಯವರು ಒಂದು ದಿಂಬು ಹಿಡಿದು ತೋರಿಸಿದರು. ಬಗಲಿಗೆ ಹೆಬ್ಬೆರಳು ಕೊಟ್ಟು ಎತ್ತಬಾರದು. ಒಂದು ಅಂಗೈ ಕೂಸಿನ ಕುಂಡೆಯ ಕೆಳಗೆ, ಇನ್ನೊಂದು ಬೆನ್ನು ಮತ್ತು ಕತ್ತಿನ ಕೆಳಗೆ, ಅಂಗೈ ಮೇಲ್ಮುಖವಾಗಿ. ಹೆಬ್ಬೆರಳು ಬೇರೆ ಬೆರಳುಗಳ ಪಕ್ಕದಲ್ಲೇ ಇರಬೇಕು, ಅಗಲಿಸಬಾರದು. ಮಣಿಕಟ್ಟು ನೆಟ್ಟಗೆ. ಕೂಸನ್ನು ಮೊದಲು ಎದೆಗೆ ಹತ್ತಿರ ಎಳೆದುಕೊಂಡು ಆಮೇಲೆ ಏಳಬೇಕು, ಭಾರ ಮುಂಗೈ ಮೇಲೆ, ಭುಜದ ಮೇಲೆ ಬೀಳುತ್ತದೆ. ಹಾಲು ಕುಡಿಸುವಾಗ ಮಣಿಕಟ್ಟು ಬಾಗಿಸಿ ಕೂಸಿನ ತಲೆ ಹಿಡಿಯುವ ರೂಢಿ ನನಗಿತ್ತು. ಮಡಿಲಲ್ಲಿ ಎರಡು ದಿಂಬು ಇಟ್ಟು ತಲೆಯನ್ನು ಮುಂಗೈ ಮೇಲೆ ಮಲಗಿಸಿಕೊಂಡೆ. ಎರೆಯುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು, ಕೇಳುವ ಮೊದಲೇ. ಕೂಸಿನ ಬಟ್ಟೆ ಹಿಂಡುವುದನ್ನು ಪೂರ್ತಿ ಬಿಟ್ಟೆವು. ನೀರು ಸೋರುವ ಹಾಗೇ ಹಗ್ಗಕ್ಕೆ ಹಾಕಿದರೂ ನಮ್ಮ ಬಿಸಿಲಿಗೆ ಒಣಗಲು ಎಷ್ಟು ಹೊತ್ತು ಬೇಕು? ಮೊಬೈಲಿನಲ್ಲಿ ಹೆಬ್ಬೆರಳಿಂದ ಟೈಪ್ ಮಾಡುವುದನ್ನೂ ಬಿಟ್ಟು ಎಡಗೈ ತೋರುಬೆರಳಿಗೆ ರೂಢಿ ಮಾಡಿಕೊಂಡೆ.

ಐಸ್ ವಿಷಯಕ್ಕೆ ಮನೆಯಲ್ಲಿ ಸ್ವಲ್ಪ ವಾದವಾಯಿತು. ಬಾಣಂತಿ ತಣ್ಣಗಿನದು ಮುಟ್ಟಬಾರದು ಅಂತ ಹಿರಿಯರ ಮಾತು. ಮಣಿಕಟ್ಟಿನ ಮೇಲೆ 10 ನಿಮಿಷ ಬಟ್ಟೆ ಸುತ್ತಿದ ಐಸ್ ಇಟ್ಟರೆ ಹಾಲಿಗೂ ಕೂಸಿಗೂ ಏನೂ ಆಗುವುದಿಲ್ಲ ಅಂತ ಡಾಕ್ಟರಿಂದಲೇ ಅತ್ತೆಗೆ ಹೇಳಿಸಿದೆವು. ನೋವಿನ ಜೆಲ್ ಕೂಡ ಕೊಟ್ಟಿದ್ದರು, ಆದರೆ ಕೂಸು ಕೈಯನ್ನೇ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಅದು ಮಲಗಿದ ಮೇಲೆ ಹಚ್ಚಿ, ಎದ್ದೇಳುವ ಮೊದಲು ಒರೆಸಿ ತೊಳೆಯಬೇಕಿತ್ತು. ಮಷಿನ್ನಿನ ಶಾಖವನ್ನೂ ಕೆಲವು ಸಲ ಕೊಟ್ಟರು. ನನಗೆ ಅದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹಗಲಿನ ನೋವು ಇಳಿಯಿತು. ರಾತ್ರಿಯದು ಇಳಿಯಲಿಲ್ಲ. ಹೋಳಿ ಆದ ಮೇಲೆ ಬರುವ ನಮ್ಮೂರ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೂ ಹಾಗೇ ಇತ್ತು. 180 ದಿನದ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ನಾನು ಪ್ರಾಥಮಿಕ ಶಾಲೆಯ ಟೀಚರ್, ಬೋರ್ಡ್ ಮೇಲೆ ಬರೆಯಬೇಕು, ನೋಟ್‌ಬುಕ್ ತಿದ್ದಬೇಕು. ಡಾಕ್ಟರು ಇಂಜೆಕ್ಷನ್ ಕೊಡೋಣ ಅಂದರು.

ಸ್ಟಿರಾಯ್ಡ್ ಅನ್ನುವ ಪದ ಕೇಳಿಯೇ ಭಯವಾಯಿತು. ನಾನು ಕೇಳಿದ್ದಕ್ಕೆಲ್ಲ ಡಾಕ್ಟರು ತಾಳ್ಮೆಯಿಂದ ಉತ್ತರ ಕೊಟ್ಟರು. ದಿನಾ ನುಂಗುವ ಸ್ಟಿರಾಯ್ಡ್ ಮಾತ್ರೆಯ ಹಾಗಲ್ಲ, ಸ್ವಲ್ಪವೇ ಔಷಧಿ, ಅದೇ ಜಾಗಕ್ಕೆ. ಹಾಲುಣಿಸುವವರಿಗೂ ಕೊಡಬಹುದು. ಅಪರೂಪಕ್ಕೆ ಕೆಲವರಲ್ಲಿ ಸ್ವಲ್ಪ ದಿನ ಹಾಲು ಕಡಿಮೆಯಾಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಅವರು ನೋಡಿಕೊಳ್ಳಬೇಕು. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಬಹುದು, ಕೆಳಗಿನ ಕೊಬ್ಬು ಕರಗಿ ತಗ್ಗು ಬೀಳಬಹುದು. ನಮ್ಮಂಥ ಗೋಧಿ, ಕಪ್ಪು ಬಣ್ಣದ ಚರ್ಮದಲ್ಲಿ ಬಿಳಿಚಿದ್ದು ಎದ್ದು ಕಾಣುತ್ತದೆ. ರಜ್ಜು ಹರಿಯುವುದು ತೀರ ಅಪರೂಪ, ಆದರೂ ಪದೇ ಪದೇ ಚುಚ್ಚುವುದಿಲ್ಲ.

ಇನ್ನೊಂದು ವಿಷಯ ಹೇಳಿದರು, ಅದು ನನಗೆ ಬಹಳ ಉಪಯೋಗಕ್ಕೆ ಬಂತು. ಎಲ್ಲರಲ್ಲೂ ಎರಡು ರಜ್ಜುಗಳಿಗೆ ಒಂದೇ ದಾರಿ ಇರುವುದಿಲ್ಲ. ಕೆಲವರಲ್ಲಿ ನಡುವೆ ಒಂದು ತೆಳು ಗೋಡೆ ಇದ್ದು ಎರಡು ದಾರಿ ಆಗಿರುತ್ತವೆ. ಔಷಧಿ ಒಂದರೊಳಗೆ ಮಾತ್ರ ಹೋದರೆ ನೋವು ಪೂರ್ತಿ ಹೋಗುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡಿಕೊಂಡು ಇಂಜೆಕ್ಷನ್ ಕೊಡುವುದು ಒಳ್ಳೆಯದು. ನಾನು ಅದಕ್ಕೇ ಒಪ್ಪಿದೆ.

ಕೈಯನ್ನು ಮಡಚಿದ ಟವೆಲ್ ಮೇಲೆ ಇಟ್ಟು, ಹೆಬ್ಬೆರಳು ಚಾಚಿಸಿ, ಪೆನ್ನಿನಿಂದ ಗುರುತು ಹಾಕಿದರು. ತಣ್ಣನೆಯ ಜೆಲ್, ಮೇಲೆ ಸ್ಕ್ಯಾನಿನ ಮೂತಿ. ಪರದೆ ಮೇಲೆ ಎರಡು ಸಣ್ಣ ಬಿಳಿ ಚುಕ್ಕೆ, ಸುತ್ತ ಕಪ್ಪು ಅಂಚು. ಆ ಕಪ್ಪೇ ಊತ, ನಡುವೆ ಕಾಣುವ ಗೆರೆಯೇ ಗೋಡೆ ಅಂದರು. ನನ್ನ ಕೈಯಲ್ಲಿ ಗೋಡೆ ಇತ್ತು. ಸೂಜಿ ಚುಚ್ಚಿದಾಗ ಉರಿಯಿತು, ಔಷಧಿ ಒಳಗೆ ಹೋಗುವಾಗ ಒಳಗಿನಿಂದ ಯಾರೋ ಅಮುಕಿದ ಹಾಗಾಯಿತು. ಸ್ಟಿರಾಯ್ಡ್ ಜೊತೆ ಮರಗಟ್ಟಿಸುವ ಔಷಧಿಯೂ ಇರುವುದರಿಂದ ಸ್ವಲ್ಪ ಹೊತ್ತಿಗೆ ನೋವೇ ಇರಲಿಲ್ಲ. ಅದನ್ನು ನಂಬಿ ಮನೆಗೆ ಹೋಗಿ ಕೆಲಸ ಹಚ್ಚಿಕೊಳ್ಳಬೇಡಿ, ಮರಗಟ್ಟಿದ್ದು ಇಳಿದ ಮೇಲೆ ಒಂದೆರಡು ದಿನ ನೋವು ಜಾಸ್ತಿ ಆಗಬಹುದು ಅಂತ ಮೊದಲೇ ಹೇಳಿದ್ದರು. ಹಾಗೇ ಆಯಿತು. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ತಕ್ಷಣ ಬರಬೇಕು ಅಂದಿದ್ದರು. ನನಗೆ ಅದೇನೂ ಆಗಲಿಲ್ಲ. ಹಾಲೂ ಕಡಿಮೆಯಾಗಲಿಲ್ಲ.

ವಾರ ಕಳೆಯುವಷ್ಟರಲ್ಲಿ ಒಂದು ರಾತ್ರಿ ಎಚ್ಚರವಾಗದೆ ನಿದ್ದೆ ಮಾಡಿದೆ. ಕೂಸಿನ ಅಳುವಿಗೆ ಎದ್ದೆ, ನೋವಿಗೆ ಅಲ್ಲ.

ಇಂಜೆಕ್ಷನ್ ಆಯಿತಲ್ಲ ಅಂತ ಸ್ಪ್ಲಿಂಟ್ ಬಿಸಾಡಬಾರದು. ಎರಡೂ ಸೇರಿದರೆ ಒಂದೊಂದೇ ಮಾಡುವುದಕ್ಕಿಂತ ಗುಣ ಹೆಚ್ಚು. ಇನ್ನೂ ಕೆಲವು ವಾರ ರಾತ್ರಿ ಮತ್ತು ಭಾರದ ಕೆಲಸಕ್ಕೆ ಹಾಕಿಕೊಂಡೆ. ಶಾಲೆಗೆ ಹೋದಾಗ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡೆ, ಹಿಡಿತ ಸಡಿಲವಾಗುತ್ತದೆ. ಬೋರ್ಡ್ ಮೇಲೆ ಬರೆಯುವುದನ್ನು ಎಷ್ಟೋ ಸಲ ಮಕ್ಕಳಿಗೇ ಬಿಟ್ಟೆ. ಸ್ವಲ್ಪ ದಿನಕ್ಕೆ ಬೇಸಿಗೆ ರಜೆ ಬಂತು, ಕೈಗೆ ಅದೂ ಅನುಕೂಲವಾಯಿತು.

ವ್ಯಾಯಾಮವನ್ನು ನೋವು ಇಳಿದ ಮೇಲೆಯೇ ಶುರು ಮಾಡಿಸಿದರು. ಮೊದಲು ಹೆಬ್ಬೆರಳಿಂದ ಒಂದೊಂದೇ ಬೆರಳ ತುದಿ ಮುಟ್ಟುವುದು, ಮಣಿಕಟ್ಟನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುವುದು. ಆಮೇಲೆ ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ನೋವು ಎದ್ದರೆ ನಿಲ್ಲಿಸಬೇಕು. ವಾಸಿಯಾಯಿತಾ ಅಂತ ನೋಡಲು ಮುಷ್ಟಿ ಕಟ್ಟಿ ಬಾಗಿಸುವ ಆ ಪರೀಕ್ಷೆಯನ್ನು ದಿನಾ ಮಾಡಿಕೊಳ್ಳುವವರು ಬಹಳ ಮಂದಿ ಇದ್ದಾರಂತೆ, ಅದೇ ಕೈ ಕೆಣಕುತ್ತದೆ. ನನಗೆ ಮೊದಲೇ ಬೇಡ ಅಂದಿದ್ದರು.

ಚುಚ್ಚಿದ ಜಾಗದಲ್ಲಿ ಸಣ್ಣ ಬಿಳಿ ಮಚ್ಚೆ ಆಗಿದೆ. ತಿಂಗಳುಗಳು ಕಳೆದ ಹಾಗೆ ಬಣ್ಣ ತಿರುಗುತ್ತಿದೆ. ಹಿಟ್ಟನ್ನು ಈಗಲೂ ಹೆಚ್ಚಾಗಿ ನಮ್ಮ ಮನೆಯವರೇ ನಾದುತ್ತಾರೆ, ನಾನು ಬಡಿಯುತ್ತೇನೆ. ಮಳೆಗಾಲದ ಶುರುವಿಗೆ ಎಡಗೈಯಲ್ಲೂ ಅದೇ ಜಾಗದಲ್ಲಿ ಎಳೆತ ಕಾಣಿಸಿಕೊಂಡಿತು. ಬಲಗೈ ಉಳಿಸಲು ಎಲ್ಲವನ್ನೂ ಎಡಗೈಗೆ ಹಾಕಿದವರಿಗೆ ಹೀಗಾಗುವುದುಂಟು ಅಂದರು ಡಾಕ್ಟರು. ಅವತ್ತೇ ಎಡಗೈಯ ಸ್ಪ್ಲಿಂಟ್ ತಂದು ಹಾಕಿಕೊಂಡೆ. ದೊಡ್ಡ ಮಗಳು ತಂಗಿಯ ಬಟ್ಟೆ ಹಗ್ಗಕ್ಕೆ ಹಾಕುವುದನ್ನು ತಾನೇ ಮಾಡುತ್ತೇನೆ ಅಂದಳು, ಅವಳಿಗೆ ಹಗ್ಗ ಸ್ವಲ್ಪ ಕೆಳಗೆ ಕಟ್ಟಿಕೊಟ್ಟೆವು. ಎಡಗೈಗೆ ಇಂಜೆಕ್ಷನ್ ಬೇಕಾಗಲಿಲ್ಲ.